ಆಯುಧಪೂಜೆಯ ನಿಂಬೆಹಣ್ಣು

ಆ ಶನಿವಾರ ನನ್ನ ತಲೆಯಲ್ಲಿ ಬೆಂಕಿಯ ಯೋಚನೆಯೊಂದೇ ಇತ್ತು. ಅಕ್ಟೋಬರಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಗುಡ್ಡಗಳ ಹುಲ್ಲು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರುತ್ತದೆ. ನಾನು ಕೆಲಸಕ್ಕಿದ್ದ, ದನ ಸಾಕುವ ರ್ಯಾಂಚ್ ಇರುವುದು ಅಂಥ ಗುಡ್ಡಗಳ ನಡುವೆ, ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೊಗೆ ಹೋಗುವ ದಾರಿಯಲ್ಲಿ, ಫ್ರೀವೇ ಬಿಟ್ಟು ಸ್ವಲ್ಪ ಒಳಗೆ. ಗಾಳಿ ತಿರುಗಿದರೆ ಸಮುದ್ರದ ವಾಸನೆ ಬರುತ್ತದೆ. ಮಣ್ಣಿನ ಇಟ್ಟಿಗೆಯ ಹಳೆಯ ಮನೆ, ಅದಕ್ಕಿಂತ ಹಳೆಯ ಓಕ್ ಮರಗಳು, ಇವತ್ತಿಗೂ ಮೇಯುವ ದನದ ಹಿಂಡು. ಕೋವಿಡ್ ಬಂದು ಜನ ಬಯಲನ್ನು ಹುಡುಕಿಕೊಂಡು ಹೊರಟ ಮೇಲೆ ರ್ಯಾಂಚಿನವರು ಆ ಮರಗಳ ಕೆಳಗೆ ಕ್ಯಾಂಪಿಂಗ್ ಶುರುಮಾಡಿದರು. ಬಂದ ಗುಂಪುಗಳ ಉಸ್ತುವಾರಿ ನನ್ನದು. ಬೆಂಗಳೂರಿನಲ್ಲಿ ಪಶುವೈದ್ಯಕೀಯ ಓದಿದ್ದೆ; ಇಲ್ಲಿಯ ಲೈಸೆನ್ಸ್ ಇನ್ನೂ ಸಿಕ್ಕಿರಲಿಲ್ಲ. ದನ ನೋಡಿಕೊಳ್ಳುವ ಫೋರ್‌ಮನ್‌ಗೆ ಇದು ಗೊತ್ತಿದ್ದುದರಿಂದ ಡಾಕ್ಟರ್ ಎಂಬುದನ್ನು ಮೊಟಕು ಮಾಡಿ ನನ್ನನ್ನು ‘ಡಾಕ್’ ಎಂದು ಕರೆದು ಕೆಣಕುತ್ತಿದ್ದ.

ಆ ಸಲ ಬಂದವರು ನಮ್ಮ ಕನ್ನಡದವರೇ. ಸ್ಯಾನ್ ಡಿಯಾಗೊದ ಸ್ಕ್ರಿಪ್ಸ್ ರ್ಯಾಂಚ್ ಎಂಬ ಬಡಾವಣೆಯ ಕೆಲವು ಕುಟುಂಬಗಳು, ಲಾಸ್ ಏಂಜಲೀಸ್ ಕಡೆಯ ನಾರ್ತ್‌ರಿಜ್‌ನಿಂದ ಬಂದ ಒಂದೆರಡು ಕಾರು. ನವರಾತ್ರಿಯ ವಾರಾಂತ್ಯವಾದ್ದರಿಂದ ಕ್ಯಾಂಪಿನಲ್ಲೇ ಆಯುಧಪೂಜೆ ಮಾಡುವುದೆಂದು ಮೊದಲೇ ಕೇಳಿಕೊಂಡಿದ್ದರು. ನಾನು ಒಪ್ಪಿದ್ದೆ. ಎಲ್ಲರನ್ನೂ ಮರದ ಕೆಳಗೆ ನಿಲ್ಲಿಸಿಕೊಂಡು ನಿಯಮಗಳನ್ನು ಕನ್ನಡದಲ್ಲೇ ಹೇಳಿದೆ. ಹಾಗೆ ಹೇಳುವುದು ನನಗೆ ಖುಷಿಯ ಸಂಗತಿಯಾಗಿತ್ತು.

“ಗ್ಯಾಸ್ ಒಲೆ ಮಾತ್ರ, ಅದೂ ಆ ಸಿಮೆಂಟ್ ಕಟ್ಟೆ ಮೇಲೆ. ಕ್ಯಾಂಪ್‌ಫೈರ್ ಇಲ್ಲ, ಕರ್ಪೂರ ಇಲ್ಲ, ಊದುಬತ್ತೀನೂ ಇಲ್ಲ.”

“ಊದುಬತ್ತೀನೂ ಇಲ್ವಾ? ಹಂಗಾದ್ರೆ ಪೂಜೆ ಹೆಂಗಮ್ಮ ಮಾಡೋದು?” ಎಂದರು ಗುಂಪಿನ ಹಿರಿಯರು. ಎಲ್ಲರೂ ಅವರನ್ನು ಅಂಕಲ್ ಎಂದೇ ಕರೆಯುತ್ತಿದ್ದರು. ಟೆಲಿಕಾಂ ಇಂಜಿನಿಯರ್ ಆಗಿ ಸೊರೆಂಟೊ ವ್ಯಾಲಿಯಲ್ಲಿ ದುಡಿದು ನಿವೃತ್ತರಾದವರು. ಹುಟ್ಟಿದ್ದು ಮಂಡ್ಯದ ಹತ್ತಿರದ ಹಳ್ಳಿಯಲ್ಲಿ.

“ಬ್ಯಾಟರಿ ದೀಪ ತಂದಿದ್ದೀನಿ, ಅಂಕಲ್.”

“ಎಲೆಕ್ಟ್ರಿಕ್ ಕಾರಿಗೆ ಬ್ಯಾಟರಿ ಆರತಿ! ಸರಿಯಾಗಿದೆ ಬಿಡಿ,” ಎಂದು ಯಾರೋ ನಕ್ಕರು.

ಉಳಿದದ್ದನ್ನೂ ಹೇಳಿದೆ. ಗೇಟು ಹೇಗಿತ್ತೋ ಹಾಗೇ ಬಿಡಬೇಕು. ಹಸುಗಳು ಕರು ಹಾಕಿವೆ, ಹತ್ತಿರ ಹೋಗಬೇಡಿ. ತಂದದ್ದರಲ್ಲಿ ಒಂದು ಸಿಪ್ಪೆಯನ್ನೂ ಇಲ್ಲಿ ಬಿಟ್ಟುಹೋಗುವಂತಿಲ್ಲ. ಎಲ್ಲರೂ ತಲೆ ಆಡಿಸಿದರು.

ಪೂಜೆ ಚೆನ್ನಾಗಿಯೇ ಆಯಿತು. ಕಾರುಗಳು ಸಾಲಾಗಿ ನಿಂತವು. ಫೋರ್‌ಮನ್‌ನ ಧೂಳು ಮೆತ್ತಿದ ಪಿಕಪ್ ಟ್ರಕ್ಕಿಗೂ ಆಂಟಿಯೊಬ್ಬರು ಚೆಂಡುಹೂವಿನ ಹಾರ ಹಾಕಿದರು. ಅವನು ಟೋಪಿ ತೆಗೆದು ನಿಂತ. ಬೂದುಗುಂಬಳ ಸಿಕ್ಕಿರಲಿಲ್ಲವೆಂದು ದಾರಿಯಲ್ಲಿ ಹ್ಯಾಲೋವೀನಿಗೆ ಮಾರುವ ಕಿತ್ತಳೆ ಬಣ್ಣದ ಕುಂಬಳಕಾಯಿ ತಂದಿದ್ದರು. ಅಂಕಲ್ ಅದಕ್ಕೆ ತೂತು ಕೊರೆದು ಕುಂಕುಮ ತುಂಬಿ, ಎಲ್ಲ ವಾಹನಕ್ಕೂ ಇಳಿತೆಗೆದು ನೆಲಕ್ಕೆ ಅಪ್ಪಳಿಸಿದರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಕಾರುಗಳನ್ನು ಮುಂದಕ್ಕೆ ಬಿಟ್ಟರು. ಇಲ್ಲಿಯ ನಿಂಬೆಹಣ್ಣು ದಪ್ಪ, ಸಿಪ್ಪೆ ಗಟ್ಟಿ. ಕೆಲವು ಅಪ್ಪಚ್ಚಿಯಾದವು, ಕೆಲವು ಚಕ್ರಕ್ಕೆ ಸಿಗದೆ ಪಕ್ಕಕ್ಕೆ ಹಾರಿದವು. ಒಂದು ಕಿಡಿಯೂ ಏಳಲಿಲ್ಲ. ಬೆಂಕಿಯಿಲ್ಲದೆ ಪೂಜೆ ಮುಗಿಯಿತಲ್ಲ ಎಂದು ನಾನು ನಿರಾಳವಾಗಿ ಉಸಿರುಬಿಟ್ಟೆ.

ಆಮೇಲೆ ಅಂಕಲ್ ಕುಂಬಳದ ಚೂರು, ನಿಂಬೆಹಣ್ಣು, ಬಾಳೆಹಣ್ಣಿನ ಸಿಪ್ಪೆ ಎಲ್ಲವನ್ನೂ ತಾವೇ ಬಗ್ಗಿ ಬಗ್ಗಿ ಬಕೆಟ್ಟಿಗೆ ತುಂಬಿದರು. ಬೇಡ ಎಂದರೂ ಬೇರೆಯವರಿಗೆ ಬಿಡಲಿಲ್ಲ. ಬಕೆಟ್ ಹಿಡಿದು ಬೇಲಿಯ ಕಡೆ ಹೋಗುವುದನ್ನು ನಾನು ನೋಡಿದೆ. ಕಸದ ಡಬ್ಬ ಇರುವುದೂ ಅದೇ ದಿಕ್ಕಿನಲ್ಲಿ.

ಭಾನುವಾರ ಬೆಳಿಗ್ಗೆ ಸಮುದ್ರದಿಂದ ಮೇಲೆ ಬಂದ ಮಂಜು ಇನ್ನೂ ಹರಿದಿರಲಿಲ್ಲ. ಟೆಂಟುಗಳಿಂದ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಅಷ್ಟರಲ್ಲಿ ರೇಡಿಯೋದಲ್ಲಿ ಫೋರ್‌ಮನ್‌ನ ದನಿ.

“ಡಾಕ್, ಕ್ಯಾಂಪಿನ ಬೇಲಿ ಹತ್ತಿರ ಬಾ. ಒಂದು ಹಸುವಿಗೆ ಗಾಯ ಆಗಿದೆ. ತುಂಬ ರಕ್ತ.”

ಓಡಿದೆ. ಕಪ್ಪು ಹಸು, ಕಿವಿಯಲ್ಲಿ ಹಳದಿ ಬಿಲ್ಲೆ. ಕತ್ತು ಮುಂದಕ್ಕೆ ಚಾಚಿ ನಿಂತಿತ್ತು. ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು. ಎಡ ಹೊಟ್ಟೆ ಉಬ್ಬತೊಡಗಿತ್ತು. ಅದರ ಕರು ಸ್ವಲ್ಪ ದೂರದಲ್ಲಿ ನಿಂತು ಕೂಗುತ್ತಿತ್ತು. ಹಸುವಿನ ಮೂತಿ ಕೆಂಪು, ಕಾಲ ಬುಡದ ಹುಲ್ಲೂ ಕೆಂಪು. ಫೋರ್‌ಮನ್ ಗಾಯ ಎಲ್ಲಿದೆಯೆಂದು ಹುಡುಕುತ್ತಿದ್ದ. ನನಗೆ ನೋಡಿದ ತಕ್ಷಣ ಗೊತ್ತಾಯಿತು.

“ಇದು ರಕ್ತ ಅಲ್ಲ. ನಿನ್ನೆ ಪೂಜೆಯಲ್ಲಿ ಹಾಕಿದ ಬಣ್ಣ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ.”

ಆ ಹೊತ್ತಿಗೆ ಅಂಕಲ್ ಬೇಲಿಯ ಆಚೆ ಬಂದು ನಿಂತಿದ್ದರು. ಅವರ ಮುಖ ಬಿಳಚಿಕೊಂಡಿತ್ತು.

“ನಾನೇ ಹಾಕಿದ್ದು ಕಣಮ್ಮ. ದೇವರ ಮುಂದೆ ಇಟ್ಟಿದ್ದನ್ನ ಕಸದ ಡಬ್ಬಕ್ಕೆ ಹೆಂಗೆ ಹಾಕೋದು? ಇಲ್ಲಿ ಬಿಡಬಾರದು ಅಂದೆ ನೀನು. ಹಸು ತಿನ್ನಲಿ ಅಂತ ಬೇಲಿ ಮೇಲಿಂದ ಸುರಿದೆ.”

“ನಿಂಬೆಹಣ್ಣೂನಾ?”

“ಎಲ್ಲಾನೂ.”

ನನ್ನ ಅಜ್ಜಿ ಇದ್ದಿದ್ದರೆ ಅವಳೂ ಹಾಗೇ ಮಾಡುತ್ತಿದ್ದಳು.

ನಮ್ಮಲ್ಲಿ ಬೇಸಿಗೆ ಬಂದರೆ ಮಾವಿನ ವಾಟೆ ಸಿಕ್ಕಿಕೊಂಡ ಹಸುಗಳು ಆಸ್ಪತ್ರೆಗೆ ಬರುತ್ತವೆ. ಕಲಿಯುವಾಗ ಅಂಥವನ್ನು ನೋಡಿದ್ದೆ. ಹಸುವಿನ ಹೊಟ್ಟೆಯಲ್ಲಿ ಗಾಳಿ ಹುಟ್ಟುತ್ತಲೇ ಇರುತ್ತದೆ. ತೇಗಿನಲ್ಲಿ ಅದು ಹೊರಗೆ ಬರಬೇಕು. ಅನ್ನನಾಳ ಕಟ್ಟಿಕೊಂಡರೆ ಗಾಳಿಗೆ ದಾರಿಯಿಲ್ಲ. ಹೊಟ್ಟೆ ಉಬ್ಬಿ ಎದೆಗೂಡನ್ನು ಒತ್ತುತ್ತದೆ, ಕೊನೆಗೆ ಉಸಿರೇ ನಿಲ್ಲುತ್ತದೆ. ರ್ಯಾಂಚಿಗೆ ಬರುವ ವೈದ್ಯೆಗೆ ಫೋನ್ ಮಾಡಿದೆವು. ಆಕೆ ಒಳನಾಡಿನ ಯಾವುದೋ ಕೊಟ್ಟಿಗೆಯಲ್ಲಿ, ಕಷ್ಟದ ಹೆರಿಗೆಯ ನಡುವೆ ಇದ್ದರು.

“ನಾನು ಬರುವಷ್ಟರಲ್ಲಿ ತಡ ಆಗುತ್ತದೆ. ಹಸುವನ್ನು ಅಲುಗದಂತೆ ಚೌಕಟ್ಟಿನಲ್ಲಿ ಹಿಡಿದು ನಿಲ್ಲಿಸಿ. ಹೊರಗಿನಿಂದ ಉಜ್ಜಿ ಮೇಲಕ್ಕೆ ತರಲು ನೋಡಿ. ಕೊಳವೆ ಹಾಕಿ ಒಳಕ್ಕೆ ತಳ್ಳಬೇಡಿ, ಅನ್ನನಾಳ ಹರಿದುಹೋಗುತ್ತದೆ. ಹೊಟ್ಟೆ ಬೆನ್ನೆಲುಬಿಗಿಂತ ಮೇಲೆ ಬಂದರೆ ಮಾತ್ರ ಟ್ರೋಕಾರ್ ಚುಚ್ಚಿ. ಫೋನ್ ಇಡಬೇಡಿ.”

ಟ್ರೋಕಾರ್ ಎಂದರೆ ಕೊಳವೆಯೊಳಗಿನ ದಪ್ಪ ಮೊಳೆಯಂಥದ್ದು; ಎಡ ಪಕ್ಕೆಯ ಹಿಂದಿನ ಗುಳಿಯಲ್ಲಿ ಚುಚ್ಚಿ ಗಾಳಿ ಬಿಡುತ್ತಾರೆ. ಫೋರ್‌ಮನ್‌ನ ಟ್ರಕ್ಕಿನಲ್ಲಿ ಒಂದಿತ್ತು. ಅದಕ್ಕೆ ತುಕ್ಕು ಹಿಡಿದಿತ್ತು. ಅದನ್ನು ಬಳಸುವಂತಾಗದಿರಲಿ ಎಂದುಕೊಂಡೆ.

ನಮ್ಮ ಪಶು ಆಸ್ಪತ್ರೆಗಳ ಮುಂದೆ ದನ ಕಟ್ಟಲು ಟ್ರೆವಿಸ್ ಎಂಬ ಕಂಬಿಗಳ ಚೌಕಟ್ಟು ಇರುತ್ತದಲ್ಲ, ರ್ಯಾಂಚಿನಲ್ಲೂ ಅಂಥದ್ದೇ ಇದೆ. ಆದರೆ ಇಲ್ಲಿ ಹಸುವನ್ನು ಹಗ್ಗ ಹಿಡಿದು ಎಳೆದು ತರುವುದಿಲ್ಲ. ಅದನ್ನು ದೊಡ್ಡಿಗೆ ಅಟ್ಟಿ, ಅಲ್ಲಿಂದ ಇಕ್ಕಟ್ಟಾದ ಮರದ ಓಣಿಗೆ ತಿರುಗಿಸಬೇಕು. ಓಣಿಯ ಕೊನೆಯಲ್ಲಿ ಅದು ತಲೆ ತೂರಿದ ಕೂಡಲೇ ಕುತ್ತಿಗೆಯನ್ನು ಹಿಡಿಯುವ ಕಬ್ಬಿಣದ ಗೇಟು. ಕೆಲಸ ಮುಗಿದ ಮೇಲೆ ಸನ್ನೆಕೋಲು ಎಳೆದರೆ ಅದೇ ಗೇಟು ಎರಡು ಪಕ್ಕಕ್ಕೂ ತೆರೆದು ಹಸು ಮುಂದಿನ ಅಂಗಳಕ್ಕೆ ಹೋಗುತ್ತದೆ. ಸನ್ನೆಕೋಲಿಗೆ ಒಬ್ಬರು, ಹಸುವಿನ ಕತ್ತಿಗೆ ಒಬ್ಬರು. ಕರುವನ್ನು ಆ ಅಂಗಳದ ಪಕ್ಕದ ದೊಡ್ಡಿಯಲ್ಲಿ ಬೇರೆ ಹಿಡಿದಿಡಲು, ಅದರ ಗೇಟಿಗೆ ಮತ್ತೊಬ್ಬರು ಬೇಕು. ಭಾನುವಾರ ಆಳುಗಳಿಗೆ ರಜೆ.

“ನಾನು ನಿಲ್ತೀನಿ,” ಎಂದರು ಅಂಕಲ್. “ಹಳ್ಳೀಲಿ ಹುಟ್ಟಿದವನಮ್ಮ ನಾನು. ಎಷ್ಟು ಕರು ಕಟ್ಟಿದ್ದೀನಿ, ಎಷ್ಟು ಬಿಚ್ಚಿದ್ದೀನಿ.”

ಫೋರ್‌ಮನ್ ನನ್ನ ಮುಖ ನೋಡಿದ. “ಇವರಿಗೆ ದನದ ಅಭ್ಯಾಸ ಇದೆಯಾ?”

“ಇದೆ,” ಎಂದೆ.

ಅದು ಸುಳ್ಳಲ್ಲ. ಅವರಿಗೆ ಅಭ್ಯಾಸವಿತ್ತು, ನನಗೂ ಇತ್ತು. ಹೆಸರು ಕರೆದರೆ ತಿರುಗಿ ನೋಡುವ, ಗಂಗೆದೊಗಲು ತುರಿಸಿದರೆ ಕಣ್ಣು ಮುಚ್ಚುವ ಹಸುಗಳ ಅಭ್ಯಾಸ. ಈ ಹಸುವನ್ನು ಹುಟ್ಟಿದಂದಿನಿಂದ ಮನುಷ್ಯರು ಮುಟ್ಟಿದ್ದು ಲಸಿಕೆಗೆ ಮತ್ತು ಬಿಲ್ಲೆಗೆ ಮಾತ್ರ. ಈ ವ್ಯತ್ಯಾಸ ನನಗೆ ತಿಳಿದಿತ್ತು; ಬಂದ ಪ್ರತಿ ಗುಂಪಿಗೂ ಅದನ್ನು ಹೇಳುವುದೇ ನನ್ನ ಕೆಲಸ. ಆದರೆ ಕನ್ನಡದಲ್ಲಿ, ಆ ದನಿಯಲ್ಲಿ, ಒಬ್ಬ ಹಿರಿಯರು ನಾನು ನಿಲ್ತೀನಿ ಎಂದಾಗ ಬೇಡ ಎನ್ನಲು ಮನಸ್ಸಾಗಲಿಲ್ಲ.

“ಗೇಟಿನ ಹೊರಗೇ ಇರಿ, ಅಂಕಲ್. ಚಿಲಕ ಹಿಡ್ಕೊಂಡು ನಿಂತ್ಕೊಳ್ಳಿ, ಅಷ್ಟೇ.”

“ಆಯ್ತಮ್ಮ. ನೀನು ಅದರ ಜೀವ ನೋಡು.”

ಹಸು ಓಡುವ ಸ್ಥಿತಿಯಲ್ಲಿರಲಿಲ್ಲ. ಫೋರ್‌ಮನ್ ಅವಸರ ಮಾಡದೆ ಹಿಂದೆ ಹಿಂದೆ ನಡೆದು ಅದನ್ನು ಓಣಿಗೆ ತಂದ; ಜೊತೆಗೆ ಬಂದ ಕರುವನ್ನು ಪಕ್ಕದ ದೊಡ್ಡಿಗೆ ಸೇರಿಸಿದ. ಗೇಟು ಕುತ್ತಿಗೆ ಹಿಡಿದ ಸದ್ದಿಗೆ ಇಡೀ ಚೌಕಟ್ಟು ನಡುಗಿತು. ನಾನು ಎಡಗಡೆ ನಿಂತು ಕತ್ತಿನ ಕೆಳಗಿನಿಂದ ಬೆರಳಾಡಿಸಿದೆ. ಅರ್ಧ ದಾರಿಯಲ್ಲಿ ಸಿಕ್ಕಿತು: ಗುಂಡಗೆ, ಗಟ್ಟಿಯಾಗಿ, ಚರ್ಮದ ಕೆಳಗೆ. ಚೂರಲ್ಲ, ಇಡೀ ನಿಂಬೆಹಣ್ಣು.

ಎರಡೂ ಹೆಬ್ಬೆರಳನ್ನು ಅದರ ಕೆಳಗೆ ಕೊಟ್ಟು ದವಡೆಯ ಕಡೆ ಒತ್ತಿದೆ. ಬೆರಳಿನಷ್ಟು ಮೇಲೆ ಬಂತು. ಹಸು ನುಂಗಿತು, ಹಣ್ಣು ಕೆಳಗೆ ಜಾರಿತು. ಮತ್ತೆ ಒತ್ತಿದೆ, ಮತ್ತೆ ಜಾರಿತು. ಫೋರ್‌ಮನ್ ತಲೆಗೆ ಹಗ್ಗ ಬಿಗಿದು ಒಂದು ಪಕ್ಕಕ್ಕೆ ಎಳೆದು ಕಟ್ಟಿದ. ವೈದ್ಯೆ ಫೋನಿನಲ್ಲಿ ಹೊಟ್ಟೆ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ಎಡ ಹೊಟ್ಟೆ ಬೆನ್ನೆಲುಬಿನ ಮಟ್ಟಕ್ಕೆ ಬಂದಿತ್ತು. ಬೆರಳಲ್ಲಿ ತಟ್ಟಿದರೆ ತಮಟೆಯ ಸದ್ದು. ಹಸುವಿನ ನಾಲಿಗೆ ನೀಲಿಗೆ ತಿರುಗುತ್ತಿತ್ತು. ಫೋರ್‌ಮನ್ ಟ್ರೋಕಾರನ್ನು ಸ್ಪಿರಿಟ್ಟಿನಲ್ಲಿ ಒರೆಸತೊಡಗಿದ.

“ಇನ್ನೊಂದು ಸಲ,” ಎಂದೆ.

ಆ ಸಲ ಅದು ನುಂಗಲು ಹೊರಟಾಗ ನಾನು ಒತ್ತಲಿಲ್ಲ, ಹಣ್ಣು ಕೆಳಗಿಳಿಯದಂತೆ ತಡೆದು ಹಿಡಿದೆ, ಅಷ್ಟೇ. ಅದು ಉಸಿರೆಳೆದು ಸಡಿಲವಾದ ಕ್ಷಣಕ್ಕೆ ಮೇಲೆ ನೂಕಿದೆ. ಹಣ್ಣು ಗಂಟಲ ಬುಡಕ್ಕೆ ಬಂತು. ಫೋರ್‌ಮನ್ ದವಡೆ ಹಲ್ಲುಗಳ ನಡುವೆ ಸುತ್ತಿಗೆಯ ಹಿಡಿಯನ್ನು ಅಡ್ಡ ಕೊಟ್ಟು ನಾಲಿಗೆಯನ್ನು ಪಕ್ಕಕ್ಕೆ ಎಳೆದುಹಿಡಿದ. ಮೊಣಕೈವರೆಗೆ ಕೈ ಹಾಕಿದೆ. ಬೆರಳಿಗೆ ಸಿಕ್ಕಿದ್ದು ಜಾರಿತು, ಮತ್ತೆ ಸಿಕ್ಕಿತು, ಹೊರಗೆ ಬಂತು. ಹಿಂದೆಯೇ ದೊಡ್ಡ ತೇಗು. ಹುಳಿ ಹುಲ್ಲಿನ ವಾಸನೆ ನಮ್ಮಿಬ್ಬರ ಮುಖಕ್ಕೂ ಹೊಡೆಯಿತು. ಹಸು ತೇಗಿತು, ಮತ್ತೆ ತೇಗಿತು. ಹೊಟ್ಟೆ ಕಣ್ಣೆದುರೇ ಇಳಿಯತೊಡಗಿತು.

“ಡಾಕ್ಟರ್!” ಎಂದ ಫೋರ್‌ಮನ್, ಈ ಸಲ ಮೊಟಕು ಮಾಡದೆ, ಪೂರ್ತಿಯಾಗಿ. ನಾನು ನಿಂಬೆಹಣ್ಣನ್ನು ಎತ್ತಿ ತೋರಿಸಿ ಕೂಗಿದೆ, “ಅಂಕಲ್, ಬಂತು!”

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ನಿಧಾನವಾಗಿ ನಡೆಸಿ ನೋಡಿದ್ದೇನೋ.

ಫೋರ್‌ಮನ್ ಹಗ್ಗ ಬಿಚ್ಚಿ ಬಲಗಡೆಯ ಸನ್ನೆಕೋಲಿನ ಹತ್ತಿರ ಹೋದ. ಅಲ್ಲಿ ನಿಂತವರಿಗೆ ತಗಡಿನ ಮರೆಯಿರುವುದರಿಂದ ಮುಂದಿನ ಅಂಗಳ ಕಾಣುವುದಿಲ್ಲ. ಅಂಗಳ ಕಾಣುವುದು ಎಡಗಡೆ ನಿಂತವರಿಗೆ. ಅಲ್ಲಿ ಇದ್ದವಳು ನಾನು. ಬಾಲ್ದಿಯಲ್ಲಿ ಕೈ ತೊಳೆಯುತ್ತಿದ್ದೆ. ತಲೆ ಎತ್ತಿದಾಗ ಅಂಕಲ್ ಅಂಗಳದೊಳಗೆ ಇದ್ದರು. ಪಕ್ಕದ ದೊಡ್ಡಿಯ ಗೇಟು ತೆರೆದು ಕರುವನ್ನು ಕರೆದುಕೊಂಡು ಬರುತ್ತಿದ್ದರು. ಒಂದು ಕೈ ಅದರ ಕತ್ತಿನ ಸುತ್ತ, ಇನ್ನೊಂದು ಬಾಲದ ಬುಡದಲ್ಲಿ. ಹಾಲು ಕರೆಯುವ ಮೊದಲು ಕರುವನ್ನು ತಾಯಿಯ ಹತ್ತಿರ ತರುವ ರೀತಿಯಲ್ಲಿ. ಕಷ್ಟದಿಂದ ಪಾರಾದ ಹಸುವಿಗೆ ಮೊದಲು ಕರು ತೋರಿಸಬೇಕು. ಅವರಿಗೆ ಅದರಲ್ಲಿ ಯಾವ ಸಂದೇಹವೂ ಇರಲಿಲ್ಲ. ಕಣ್ಣಲ್ಲಿ ನೀರಿತ್ತು. “ಬಾರಮ್ಮ, ನೋಡು, ನಿನ್ನ ಕೂಸು,” ಎನ್ನುತ್ತಿದ್ದರು.

ಕರು ಕೊಸರಾಡಿ ಕೂಗಿತು. ಹಸುವಿನ ಕಿವಿ ನೆಟ್ಟಗಾಯಿತು. ಫೋರ್‌ಮನ್‌ನ ಕೈ ಸನ್ನೆಕೋಲಿನ ಮೇಲಿತ್ತು.

“ಅಂಕಲ್, ಕರು ಬಿಡಿ! ಆಚೆ ಹೋಗಿ!” ಎಂದು ನಾನು ಕೂಗಿದೆ.

ನಾನು ಕೂಗಬೇಕಾಗಿದ್ದದ್ದು ಫೋರ್‌ಮನ್‌ಗೆ. ತಡೆ ಎಂಬ ಒಂದು ಮಾತು, ಅವನಿಗೆ ಗೊತ್ತಿರುವ ಭಾಷೆಯಲ್ಲಿ. ಗೇಟು ಮುಚ್ಚಿದ್ದಷ್ಟು ಹೊತ್ತು ಅಂಕಲ್‌ಗೆ ಯಾವ ಅಪಾಯವೂ ಇರಲಿಲ್ಲ. ಬೆಳಗಿನಿಂದ ಅವನ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದವಳು ಆ ಕ್ಷಣದಲ್ಲಿ ಕನ್ನಡಕ್ಕೆ ಹೋದೆ. ನನ್ನದು ಇನ್ನೂ ಸಂತೋಷದ ಕೂಗೆಂದೇ ಅವನು ಎಣಿಸಿದ. ಸನ್ನೆಕೋಲು ಎಳೆದ.

ಹಸು ಸದ್ದು ಮಾಡಲಿಲ್ಲ. ತಲೆ ತಗ್ಗಿಸಿ ನೇರವಾಗಿ ಹೋಯಿತು. ಅಂಕಲ್ ಕರುವನ್ನು ಬಿಡಲಿಲ್ಲ, ಇನ್ನೂ ಹತ್ತಿರ ಎಳೆದುಕೊಂಡರು. ಮೊದಲ ಏಟಿಗೆ ಅವರು ಕಂಬಿಗಳ ಮೇಲೆ ಹೋಗಿ ಬಿದ್ದರು. ಎರಡನೆಯದು ಬಿದ್ದವರ ಮೇಲೆ, ಹಣೆಯಿಂದ, ನೆಲಕ್ಕೆ ಒತ್ತಿ. ಫೋರ್‌ಮನ್ ಬೇಲಿ ಹಾರಿ ಟೋಪಿ ಬೀಸುತ್ತ, ಅರಚುತ್ತ ಒಳಗೆ ಹೋದ. ಅಷ್ಟರಲ್ಲಿ ಬಿಡಿಸಿಕೊಂಡ ಕರು ಅಂಗಳದ ಮೂಲೆಗೆ ಓಡಿತು. ಹಸು ಅಲ್ಲಿಗೇ ನಿಲ್ಲಿಸಿತು. ಕರುವಿನ ಹತ್ತಿರ ಹೋಗಿ ಅದನ್ನು ಮೂಸಿ ನಿಂತಿತು. ಅದಕ್ಕೆ ಬೇಕಾಗಿದ್ದದ್ದು ಅಷ್ಟೇ.

ನಾನು ಕಂಬಿ ಹಿಡಿದು ನಿಂತೇ ಇದ್ದೆ. ಕೈಯಿಂದ ಜೊಲ್ಲು ಬೆರೆತ ನೀರು ತೊಟ್ಟಿಕ್ಕುತ್ತಿತ್ತು.

ಮಂಜಿನಲ್ಲಿ ಹೆಲಿಕಾಪ್ಟರ್ ಇಳಿಯಲಾಗದೆಂದು ಆಂಬುಲೆನ್ಸ್ ಕಳಿಸಿದರು. ಅದು ಬರುವವರೆಗೆ ಅಂಕಲ್‌ರ ತಲೆ ಅಲುಗದಂತೆ ನಾನು ಹಿಡಿದು ಕೂತೆ. ಬಿಟ್ಟು ಬಿಟ್ಟು ಉಸಿರಾಡುತ್ತ ಅವರು ಕೇಳಿದ್ದು ಒಂದೇ: “ಉಸಿರಾಡ್ತಾ ಇದೆಯಾ ಹಸು?”

“ಆಡ್ತಾ ಇದೆ, ಅಂಕಲ್. ನೀವು ಮಾತಾಡಬೇಡಿ.”

ಸೊಂಟದ ಮೂಳೆ ಮುರಿದಿತ್ತು. ಮುರಿದ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿತ್ತು. ಬದುಕುತ್ತಾರೋ ಇಲ್ಲವೋ ಎಂಬ ದಿನಗಳು ಕಳೆದು, ನಡೆಯುತ್ತಾರೋ ಇಲ್ಲವೋ ಎಂಬ ದಿನಗಳು ಬಂದವು. ಅಂಕಲ್‌ರ ಹೆಂಡತಿ, ಆಂಟಿ, ನನ್ನನ್ನು ಒಂದು ಮಾತು ಅನ್ನಲಿಲ್ಲ. ಆಸ್ಪತ್ರೆಯಲ್ಲಿ ನಾನು ಮಂಚದ ಹತ್ತಿರ ನಿಂತಾಗಲೆಲ್ಲ ಅಂಕಲ್ ಹಸುವಿನ ವಿಷಯ ಕೇಳುತ್ತಿದ್ದರು. ಮೇಯ್ತಾ ಇದೆಯಾ? ಕರು ಜೊತೇಲಿದೆಯಾ? “ಅದಕ್ಕೇನೂ ಮಾಡಬೇಡಿ ಅಂತ ಹೇಳಮ್ಮ ಅವರಿಗೆ. ತಪ್ಪು ನನ್ನದು. ಅದರ ಕೂಸು ಹಿಡ್ಕೊಂಡ್ರೆ ಅದು ಸುಮ್ಮನಿರುತ್ತಾ?”

ಹೇಳುತ್ತೇನೆ ಎಂದಿದ್ದೆ. ರ್ಯಾಂಚಿನ ಮ್ಯಾನೇಜರ್ ಫೋರ್‌ಮನ್‌ನನ್ನೂ ನನ್ನನ್ನೂ ಹಳೆಯ ಮನೆಯ ಜಗಲಿಗೆ ಕರೆಸಿದಾಗ ಫೋರ್‌ಮನ್ ಮೊದಲು ಮಾತಾಡಿದ.

“ಇದರಲ್ಲಿ ಹಸುವಿನ ತಪ್ಪಿಲ್ಲ. ಒಳ್ಳೆ ತಾಯಿ ಅದು. ಇಂಥ ಹಸುಗಳನ್ನು ಹುಡುಕಿ ಇಟ್ಟುಕೊಳ್ಳುತ್ತೇವೆ.”

ಮ್ಯಾನೇಜರ್ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. “ನೀನು ಓದಿದವಳು. ವಸಂತದಲ್ಲಿ ಮತ್ತೆ ಕ್ಯಾಂಪ್ ತೆರೆಯುತ್ತೇವೆ. ಮಕ್ಕಳು ಬರುತ್ತಾರೆ. ಈ ಹಸು ಮತ್ತೆ ಹೀಗೆ ಮಾಡುವುದಿಲ್ಲ ಎಂದು ನೀನು ಹೇಳಿದರೆ ಉಳಿಸಿಕೊಳ್ಳುತ್ತೇನೆ.”

ಫೋರ್‌ಮನ್ ನನ್ನನ್ನೇ ನೋಡುತ್ತಿದ್ದ. ಒಮ್ಮೆ ಮನುಷ್ಯನನ್ನು ಕೆಡವಿದ ಹಸು ಎರಡನೆಯ ಸಲ ಹೆಚ್ಚು ಯೋಚಿಸುವುದಿಲ್ಲ. ಇದು ನನಗೆ ಗೊತ್ತು, ಅವನಿಗೂ ಗೊತ್ತು. ಬೇರೆ ಬಯಲಿನಲ್ಲಿ ಇಡಬಹುದಲ್ಲ ಎಂದೆ. ಯಾವ ಬಯಲಿನಲ್ಲಿಟ್ಟರೂ ಜನಕ್ಕೂ ಹಸುವಿಗೂ ನಡುವೆ ಇರುವುದು ಇದೇ ಬೇಲಿ ಎಂದರು. ಅದು ನಿಜ.

“ಹಾಗೆಂದು ಹೇಳಲಾರೆ,” ಎಂದೆ.

ಸರಿಯಾದ ಉತ್ತರವೇ ಅದು. ಇವತ್ತು ಕೇಳಿದರೂ ಅದನ್ನೇ ಹೇಳಬೇಕಾಗುತ್ತದೆ. ಕರು ಹಿಡಿದ ಮನುಷ್ಯನನ್ನು ಕಂಡು ಅಂಜದ ಹಸುವನ್ನು ಅಪಾಯಕಾರಿಯೆಂದು ಹೇಳಲು ನನಗೆ ಓದು ಸಹಾಯ ಮಾಡಿತು. ಅದೇ ಓದು ಆ ಬೆಳಿಗ್ಗೆ ಒಂದು ಕ್ಷಣ ಮೊದಲು ನೆರವಿಗೆ ಬರಲಿಲ್ಲ.

ಕರುವನ್ನು ಬೇರೆ ಮಾಡಿ ಒಣ ಮೇವಿಗೆ ಹಾಕಿದರು. ಹಸುವನ್ನು ಕಸಾಯಿಖಾನೆಗೆ ಒಯ್ಯುವ ಲಾರಿ ಬಂದ ದಿನ ನಾನು ಕೆಲಸಕ್ಕೆ ಹೋಗದೆ ಇರಬಹುದಾಗಿತ್ತು. ಹೋದೆ. ಫೋರ್‌ಮನ್ ಅದರ ಬೆನ್ನ ಹಿಂದೆ ಅವಸರವಿಲ್ಲದೆ ನಡೆದ. ಹಸು ಹಲಗೆ ಹತ್ತಿ ಒಳಗೆ ಹೋಯಿತು. ಒಳಗಿನಿಂದ ಒಂದೇ ಸಲ ಕರೆಯಿತು. ಫೋರ್‌ಮನ್ ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆಯುತ್ತಾನೆ. ಮರ್ಯಾದೆಯಿಂದಲೇ.

ಅಂಕಲ್‌ಗೆ ಹೇಳಿದ್ದು ಅವರು ಮನೆಗೆ ಬಂದ ಮೇಲೆ. ಸ್ಕ್ರಿಪ್ಸ್ ರ್ಯಾಂಚ್‌ನ ಅವರ ಮನೆಯ ಹಾಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದರು, ಕೈಗೆಟುಕುವಂತೆ ವಾಕರ್. ಹಸು ಹೇಗಿದೆ ಎಂದು ಕೇಳಿದರು. ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮ್ಯಾನೇಜರ್ ಕೇಳಿದ ಪ್ರಶ್ನೆಯನ್ನೂ, ನಾನು ಕೊಟ್ಟ ಉತ್ತರವನ್ನೂ ಬಿಡಲಿಲ್ಲ.

ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಆಗುತ್ತಿತ್ತು.

“ಲಾರಿ ಹತ್ತಿಸೋವಾಗ,” ಎಂದರು ಅಂಕಲ್, “ಕೆಚ್ಚಲಲ್ಲಿ ಹಾಲಿತ್ತಾ?”

ಹಾಲು ಬಿಗಿದು ಕೆಚ್ಚಲು ಹೊಳೆಯುತ್ತಿತ್ತು. ಹಲಗೆ ಹತ್ತುವಾಗ ನಾಲ್ಕು ಹನಿ ಹಾಲು ಮರದ ಮೇಲೆ ಬಿದ್ದಿದ್ದನ್ನು ನೋಡಿದ್ದೆ.

“ಇತ್ತು, ಅಂಕಲ್.”

ಅವರು ತಲೆ ಆಡಿಸಿದರು. ಒಳಗಿನಿಂದ ಆಂಟಿ, ನನಗೆ ಕಾಫಿಯೋ ಟೀಯೋ ಎಂದು ಕೇಳುತ್ತಿದ್ದರು.